ನಾನು ಇರದ ಮನೆಗೆ ಕೊಟ್ಟ ಇಸಾರ

ಆ ಮನೆಯ ವ್ಯವಹಾರದಲ್ಲಿ ನಾನು ಎರಡು ಸುಳ್ಳು ಹೇಳಿದೆ. ಎರಡೂ ಸಣ್ಣವು. ಯಾವುದನ್ನು ಎಲ್ಲಿ ಕೂತು ಹೇಳಿದೆ ಎಂಬುದು ಇನ್ನೂ ನೆನಪಿದೆ.

ನಾಶಿಕಿನಲ್ಲಿ ಒಂದು ಸಾಗಣೆ ಕಂಪನಿಯ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಊರು ಬೀದರ್ ಕಡೆ. ಬಾಡಿಗೆ ಕೋಣೆ, ಖಾನಾವಳಿ ಊಟ. ಹಗಲೆಲ್ಲ ಲಾಸಲಗಾಂವಿನಿಂದ ಬರುವ ಈರುಳ್ಳಿ ಲಾರಿಯವರ ಜೊತೆ ಮರಾಠಿ, ಹಿಂದಿ. ಮನೆಗೆ ಫೋನ್ ಮಾಡದ ವಾರ ಕನ್ನಡದ ಒಂದು ಮಾತೂ ಬಾಯಿಂದ ಬರುತ್ತಿರಲಿಲ್ಲ. ರವಿವಾರ ಕಳೆಯುವುದೇ ಕಷ್ಟವಾಗಿ ಒಂದು ತರಬೇತಿಗೆ ಸೇರಿದೆ. ಹೆಚ್ಚು ದುಡ್ಡಿಲ್ಲದವರು ಮನೆ ವ್ಯಾಪಾರ ಶುರು ಮಾಡುವುದು ಹೇಗೆಂದು ಅಲ್ಲಿ ಹೇಳಿಕೊಡುತ್ತಿದ್ದರು. ಮನೆಯನ್ನು ನಾವು ಕೊಳ್ಳುವುದಿಲ್ಲ. ಬೇಗ ಮಾರಬೇಕಾದವರನ್ನು ಹುಡುಕಿ, ಸ್ವಲ್ಪ ಮುಂಗಡ ಕೊಟ್ಟು, ಇಸಾರ ಪಾವತಿ ಎಂಬ ಕರಾರು ಬರೆಸಿಕೊಳ್ಳುತ್ತೇವೆ. ಗಡುವಿನೊಳಗೆ ಹೆಚ್ಚು ಬೆಲೆ ಕೊಡುವ ಇನ್ನೊಬ್ಬರನ್ನು ಹುಡುಕಿ, ನೋಂದಣಿಯನ್ನು ನೇರ ಅವರ ಹೆಸರಿಗೆ ಮಾಡಿಸುತ್ತೇವೆ. ನಡುವೆ ಉಳಿದದ್ದು ನಮಗೆ. ಅದಕ್ಕಾಗಿ ಕರಾರಿನಲ್ಲಿ 'ಕೊಳ್ಳುವವರ ಅಥವಾ ಅವರು ಸೂಚಿಸಿದವರ ಹೆಸರಿಗೆ' ಎಂಬ ಸಾಲು ಇರಲೇಬೇಕು. ನೋಂದಣಿಯ ದಿನದವರೆಗೆ ಮಾರುವವರೂ ಕೊಳ್ಳುವವರೂ ಒಬ್ಬರಿಗೊಬ್ಬರು ಗೊತ್ತಾಗಬಾರದು.

ಛತ್ರಪತಿ ಸಂಭಾಜಿನಗರದ ಒಂದು ಮನೆಯ ಜಾಹೀರಾತು ನೋಡಿ ಫೋನ್ ಮಾಡಿದೆ. ಹೆಂಗಸಿನ ದನಿ, ಚೊಕ್ಕ ಮರಾಠಿ. ಮಾತಿನ ನಡುವೆ ಆಕೆ ಫೋನ್ ಪಕ್ಕಕ್ಕಿಟ್ಟು ಬೆಕ್ಕಿಗೆ ಬೈದರು: "ಏ ಹಾಳಾದ್ದೇ, ಹಾಲಿಗೆ ಬಾಯಿ ಹಾಕಬ್ಯಾಡಂದ್ರ ತಿಳಿಯಂಗಿಲ್ಲೇನು?"

"ಅಕ್ಕಾವ್ರೇ, ಯಾವೂರ್ರೀ ನಿಮ್ದು?" ಎಂದು ಕೇಳಿಬಿಟ್ಟೆ.

ಆ ಕಡೆ ಪಾತ್ರೆ ಮುಚ್ಚಿದ ಸದ್ದು ಕೇಳಿತು. ಆಮೇಲೆ, "ಕಲಬುರಗಿರಿ. ನೀವೇನು ಬೀದರದವ್ರೇನು? ಮಾತು ಹಂಗೇ ಕೇಳಸ್ತದ" ಎಂದರು.

ಆ ರವಿವಾರವೇ ಬಸ್ ಹತ್ತಿದೆ. ಆಕೆ ಬ್ಯಾಂಕಿನಿಂದ ನಿವೃತ್ತರಾದವರು. ವರ್ಗವಾಗಿ ಬಂದು ಇಲ್ಲೇ ಉಳಿದಿದ್ದರು. ಮದುವೆಯಾಗಿರಲಿಲ್ಲ. ಈಗ ಕಲಬುರಗಿಯಲ್ಲಿ ತಂಗಿಯ ಮನೆಯ ಪಕ್ಕ ಬಾಡಿಗೆಗೆ ಹೋಗುವವರಿದ್ದರು. ಮನೆ ಸಣ್ಣದು, ನೆಲಕ್ಕೆಲ್ಲ ಶಹಾಬಾದ್ ಕಲ್ಲು. "ನಮ್ಮ ಜಿಲ್ಲಾದ್ದು. ನಾನ ನಿಂತು ಹಾಕಿಸೀನಿ" ಎಂದರು. ಅಡುಗೆಮನೆಯ ಕಟ್ಟೆಯಲ್ಲಿ ರೊಟ್ಟಿ ತಟ್ಟಲೆಂದೇ ಒಂದು ನುಣುಪಾದ ಕಲ್ಲು ಕೂರಿಸಿದ್ದರು. ಅವತ್ತು ಅದರ ಮೇಲೆ ತಟ್ಟಿದ ಬಿಸಿ ರೊಟ್ಟಿಗಳನ್ನು ನಾನು ಎಣಿಸದೆ ತಿಂದೆ.

"ದಲಾಲಿ ಜಾಸ್ತಿ ಬೆಲೆ ಹೇಳ್ಯಾನ. ನಂಗ ಬ್ಯಾಡ. ಈ ಓಣ್ಯಾಗ ನಂದೊಂದೇ ಕನ್ನಡ ಮನಿ. ನಾ ಹೋದ ಮ್ಯಾಲೂ ಬಾಗಲಾ ತೆಗದ್ರ ಒಳಗಿಂದ ಕನ್ನಡ ಕೇಳಬೇಕು. ಬೆಕ್ಕೂ ಇಲ್ಲೇ ಇರ್ತದ, ಅದಕ್ಕ ಮರಾಠಿ ತಿಳಿಯಂಗಿಲ್ಲ" ಎಂದು ನಕ್ಕರು. ನಾನೂ ನಕ್ಕೆ. ಬೆಲೆ ಕಡಿಮೆ ಮಾಡಿದ್ದು ಅದೊಂದೇ ಆಸೆಗೆ ಎಂದು ನನಗೆ ಚೆನ್ನಾಗಿ ಅರ್ಥವಾಗಿತ್ತು.

ಮುಂದಿನ ರವಿವಾರ ಇಸಾರ ಪಾವತಿ ಬರೆಸಿಕೊಂಡು ಹೋದೆ. ಬ್ಯಾಂಕಿನಲ್ಲಿದ್ದವರಲ್ಲವೇ, ಆಕೆ ಪ್ರತಿ ಸಾಲನ್ನೂ ಓದಿದರು. ಬೆರಳು ಆ ಸಾಲಿನ ಮೇಲೆ ನಿಂತಿತು. "ಇದೇನಿದು ತಮ್ಮಾ, ಸೂಚಿಸಿದವರ ಹೆಸರಿಗೆ ಅಂದ್ರ?"

"ಮುಂದ ಹೆಂಡತಿ ಹೆಸರಿಗೆ ಮಾಡಬಹುದಲ್ರಿ ಅಕ್ಕಾ" ಎಂದೆ. ಅದು ಮೊದಲನೆಯದು.

"ಮೊದಲ ಹೆಂಡತಿನ ಹುಡುಕಪಾ, ಆಮ್ಯಾಲ ಹೆಸರು ಬರಿಯುವಿಯಂತ" ಎಂದು ಸಹಿ ಹಾಕಿದರು. ಅವತ್ತಿನಿಂದ ನನಗೆ 'ನೀ' ಎನ್ನತೊಡಗಿದರು. ಪಕ್ಕದ ಮನೆಯಾಕೆಯನ್ನು ಕರೆದು, ಇನ್ನು ಮೇಲೆ ಇವನೇ ಇಲ್ಲಿರುವವನು ಎಂದು ತೋರಿಸಿದರು.

ಕೊಳ್ಳುವವರು ಮಾಲೇಗಾಂವಿನಲ್ಲಿ ಸಿಕ್ಕರು. ಬಟ್ಟೆ ವ್ಯಾಪಾರಿ, ಸಂಭಾಜಿನಗರದಲ್ಲಿ ಗೋದಾಮಿಗೆ ಜಾಗ ಬೇಕಿತ್ತು. ಮನೆ ನೋಡಲೇಬೇಕೆಂದರು. ಆಕೆಗೆ ನಾನು ಅವರನ್ನು ಇಂಜಿನಿಯರ್ ಎಂದು ಪರಿಚಯಿಸಿದೆ. ಎರಡನೆಯದು ಅದು. ಆಕೆ ಚಹಾ ಮಾಡಲು ಒಳಗೆ ಹೋದಾಗ ಆತ ಬೂಟಿನ ತುದಿಯಿಂದ ನೆಲ ತಟ್ಟಿ, ಮನೆ ಕೆಡವಿದ ಮೇಲೆ ಈ ಕಲ್ಲಿಗೂ ಗಿರಾಕಿ ಸಿಗುತ್ತಾರೆ ಎಂದು ಹಿಂದಿಯಲ್ಲಿ ಪಿಸುಗುಟ್ಟಿದರು. ಆಕೆ ಚಹಾ ತಂದುಕೊಟ್ಟು, ಸಕ್ಕರೆ ಸಾಕೇ ಎಂದು ಅವರನ್ನು ಕೇಳಿದರು.

ಗಡುವಿನವರೆಗೆ ಇನ್ನೂ ಮೂರು ರವಿವಾರ ಇದ್ದವು. ಮೂರಕ್ಕೂ ಹೋದೆ. ಕೆಲಸವೇನೂ ಇರಲಿಲ್ಲ. ಸೋರುವ ನಲ್ಲಿ ಯಾವುದು, ಮಧ್ಯಾಹ್ನದ ಬಿಸಿಲು ಯಾವ ಕಿಟಕಿಗೆ ಬರುತ್ತದೆ, ಬೆಕ್ಕಿಗೆ ಎಷ್ಟು ಹೊತ್ತಿಗೆ ಹಾಲು, ಎಲ್ಲವನ್ನೂ ತೋರಿಸಿದರು. ದೇವರ ಗೂಡಿಗೆ ಹೊಸದಾಗಿ ಸುಣ್ಣ ಹಚ್ಚಿಸಿದ್ದರು. ಪ್ರತಿ ಸಲವೂ ಹೇಳಿಬಿಡಬೇಕೆಂದು ಹೋಗುತ್ತಿದ್ದೆ. ಹೇಳಿದರೆ ಮುಂಗಡ ಹೋಗುತ್ತದೆ ಎಂಬ ಭಯವಿತ್ತು ಎಂದು ಇಲ್ಲಿ ಬರೆಯಬಹುದು. ನಿಜವೆಂದರೆ, ಹೇಳಿದರೆ ಆ ಊಟ, ಆ ಮಾತು, ಆ ಮಧ್ಯಾಹ್ನ ಅಲ್ಲಿಗೇ ಮುಗಿಯುತ್ತಿದ್ದವು.

ನೋಂದಣಿ ಕಚೇರಿಯ ಬೆಂಚಿನ ಮೇಲೆ ಆಕೆ ಕನ್ನಡಕ ಹಾಕಿಕೊಂಡು ಪತ್ರ ಓದಿದರು. ಕೊಳ್ಳುವವರ ಹೆಸರಿನ ಹತ್ತಿರ ಅವರ ಬೆರಳು ನಿಂತಿತು. ಎದುರಿಗಿದ್ದ ವ್ಯಾಪಾರಿಯನ್ನು ನೋಡಿದರು.

"ಇಂಜಿನಿಯರ್ ಸಾಹೇಬ್, ಉಸ್ ದಿನ್ ಚಾಯ್ ಠೀಕ್ ಥೀ ನಾ?" ಎಂದರು. ಚಹಾ ಸರಿಯಿತ್ತಲ್ಲವೇ ಎಂದಷ್ಟೇ. ಆತ ನನ್ನತ್ತ ನೋಡಿದರು.

ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದರು: "ತಮ್ಮಾ, ನೀ ಇರಂಗಿಲ್ಲೇನು?"

"ಇಲ್ಲರಿ ಅಕ್ಕಾ."

"ಮನಿ ಇಟ್ಕೋತಾನೇನು ಅವಾ?"

ನಾನು ಪೆನ್ನಿನ ಮುಚ್ಚಳ ತೆಗೆದು ಆಕೆಯ ಮುಂದೆ ಹಿಡಿದೆ. ಆಕೆಗೆ ಅಷ್ಟು ಸಾಕಾಯಿತು. ಎದ್ದು ಹೋಗಬಹುದಿತ್ತು, ಜಗಳ ತೆಗೆಯಬಹುದಿತ್ತು. "ಓದೇ ಸೈ ಮಾಡೀನಿ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಪ್ರತಿ ಪುಟಕ್ಕೂ ಒಂದೇ ರೀತಿ ಸಹಿ ಮಾಡಿದರು. ಹೆಬ್ಬೆರಳಿಟ್ಟರು, ಫೋಟೋಕ್ಕೆ ಕೂತರು.

ಹೊರಗೆ ರಿಕ್ಷಾ ಹತ್ತುವಾಗ ನಾನು ಹಿಂದೆಯೇ ಹೋಗಿ, "ಅಕ್ಕಾ, ಮನೀ ತನಕಾ ಬಿಟ್ಟು ಬರ್ತೀನ್ರಿ" ಎಂದೆ.

"ನಕೋ. ತುಮ್ಹೀ ಜಾ ಆತಾ" ಎಂದರು. ಬೇಡ, ನೀವು ಹೋಗಿ ಈಗ. ದನಿಯಲ್ಲಿ ಸಿಟ್ಟಿರಲಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಅಪರಿಚಿತ ಗಿರಾಕಿಗೆ ಹೇಳುವಂಥ ಮರಾಠಿ ಅದು. ಆಮೇಲೆ ನನ್ನ ಫೋನನ್ನು ಅವರು ಎತ್ತಲಿಲ್ಲ.

ನನ್ನ ಪಾಲು ಬಂತು. ತರಬೇತಿಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಕೆಲವು ವಾರ ಬಿಟ್ಟು ಒಂದು ರವಿವಾರ ಆ ಓಣಿಗೆ ಹೋದೆ. ಮನೆ ಇರಲಿಲ್ಲ. ಶಹಾಬಾದ್ ಕಲ್ಲುಗಳನ್ನು ಕಾಂಪೌಂಡ್ ಗೋಡೆಯ ಪಕ್ಕ ಒಂದರ ಮೇಲೊಂದು ಒಟ್ಟಿದ್ದರು. ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, ಇಲ್ಲಿ ಇರುವವರು ನೀವೇ ಅಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು. ಹಾಲಿಟ್ಟರೆ ಬೆಕ್ಕು ಕುಡಿಯುತ್ತದೆ, ಕರೆದರೆ ಮಾತ್ರ ಬರುವುದಿಲ್ಲ ಎಂದರು.

ಅದು ಕಲ್ಲುಗಳ ಮೇಲೆ ಮಲಗಿತ್ತು. "ಬಾರಲೇ ಇಲ್ಲಿ" ಎಂದೆ. ಕಿವಿ ನಿಮಿರಿಸಿ, ಕೆಳಗಿಳಿದು, ನನ್ನ ಹತ್ತಿರ ಬಂದು ಚಪ್ಪಲಿ ಮೂಸಿತು. ಬಳಿಕ ನನ್ನನ್ನು ದಾಟಿ ಗೇಟಿನವರೆಗೆ ಹೋಗಿ, ರಸ್ತೆ ನೋಡುತ್ತ ಕೂತಿತು.