ತನ್ನದೇ ಮಾತಿಗೆ ಉದ್ಧರಣ ಚಿಹ್ನೆ

ಇಂಡಿ ತಾಲ್ಲೂಕಿನಲ್ಲಿರುವ ತವರುಮನೆಯ ನಿಂಬೆ ತೋಟ ಒಣಗತೊಡಗಿದ ವರ್ಷ ನನ್ನ ಹೆಂಡತಿ ಸಂಶೋಧನೆಗೆ ಹೆಸರು ನೋಂದಾಯಿಸಿದಳು. ಬುಡದಲ್ಲಿ ಅಂಟು ಸೋರಿ, ಎಲೆ ಹಳದಿಯಾಗಿ, ಕಾಯಿ ಹೊತ್ತ ಗಿಡ ನಿಂತಲ್ಲೇ ಸಾಯುತ್ತಿತ್ತು. ಅವಳು ಸಸ್ಯಶಾಸ್ತ್ರ ಓದಿದವಳು, ಸಿಂದಗಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ.

"ಯಾಕ ಸಾಯ್ತಾವ ಅನ್ನೂದು ನಾನಽ ನೋಡ್ತೇನಿ," ಎಂದಳು.

ನಾನು ಕನ್ನಡದ ಮೇಷ್ಟ್ರು. ನನ್ನ ಪಾಲಿಗೆ ಬಂದ ಕೆಲಸ ಮೋಟಾರ್‌ಸೈಕಲ್ ಓಡಿಸುವುದು. ರಜೆ ಬಂದರೆ ಝಳಕಿ, ಅಗರಖೇಡ ಎಂದು ತೋಟ ತೋಟ ತಿರುಗುತ್ತಿದ್ದೆವು. ಮುಳ್ಳು ತರಚಿದರೂ ಅವಳು ಗಿಡದ ಕೆಳಗೆ ಮಂಡಿಯೂರಿ ಬೇರಿನ ಮಣ್ಣು ತೆಗೆಯುತ್ತಿದ್ದಳು, ಚೀಟಿ ಅಂಟಿಸುತ್ತಿದ್ದಳು. ಮನೆಯ ಫ್ರಿಜ್ಜಿನಲ್ಲಿ ಒಂದು ಖಾನೆಯೇ ಮಣ್ಣಿನದಾಯಿತು. "ಈ ಮನ್ಯಾಗ ಮೊಸರಿಗೆ ಜಾಗ ಇಲ್ಲ, ಮಣ್ಣಿಗೆ ಐತಿ," ಎಂದು ನನ್ನ ತಾಯಿ ಗೊಣಗುತ್ತಿದ್ದರು.

ನೀರು ಹಾಯಿಸುವಾಗ ಕಾಂಡಕ್ಕೇ ತಾಗಿ ನಿಂತರೆ ರೋಗ ಬೇಗ ಹತ್ತುತ್ತದೆ, ಬುಡಕ್ಕೆ ಮಣ್ಣೇರಿಸಿ ನೀರನ್ನು ದೂರವಿಟ್ಟ ತೋಟಗಳು ಉಳಿದಿವೆ ಎಂಬುದು ಅವಳಿಗೆ ಒಂದೊಂದೇ ತೋಟದಿಂದ ತಿಳಿಯುತ್ತ ಬಂತು. ಬರೆದ ಅಧ್ಯಾಯಗಳನ್ನು ತಿದ್ದಲು ತನ್ನ ಮಾರ್ಗದರ್ಶಕರಿಗೆ ಕೊಟ್ಟಳು. ಅವರು ವಿಶ್ವವಿದ್ಯಾಲಯದಲ್ಲಿ ಹಿರಿಯ ಪ್ರಾಧ್ಯಾಪಕರು. ನಮ್ಮ ಮಗಳ ತೊಟ್ಟಿಲಿಗೆ ಬಂದು ಹರಸಿ ಹೋದವರು.

"ಛಲೋ ಬರದೀ ತಂಗಿ. ಇರ್ಲಿ, ನಿಧಾನಕ್ಕ ನೋಡ್ತೇನಿ," ಎಂದರು.

ಅವರು ಬಹಳ ನಿಧಾನಿಸಿದರು. ಕೊನೆಗೆ ಅವಳು ಪ್ರಬಂಧ ಸಲ್ಲಿಸಿದಾಗ ವಿಶ್ವವಿದ್ಯಾಲಯದವರು ಅದನ್ನು ನಿಯಮದಂತೆ ಕೃತಿಚೌರ್ಯದ ತಪಾಸಣೆಗೆ ಹಾಕಿದರು. ವರದಿ ಹಿಡಿದು ಮನೆಗೆ ಬಂದವಳು ಬಾಗಿಲಲ್ಲೇ ನಿಂತು ನಕ್ಕಳು. ಪುಟಗಳ ತುಂಬ ಕೆಂಪು ಬಣ್ಣ. ಅವಳ ವಾಕ್ಯಗಳೆಲ್ಲ ನಾವು ಹೆಸರೇ ಕೇಳದ ಒಂದು ಪತ್ರಿಕೆಯಲ್ಲಿ ಆಗಲೇ ಅಚ್ಚಾಗಿದ್ದವು. ಲೇಖಕರು ಆ ಮಾರ್ಗದರ್ಶಕರು ಮತ್ತು ನಮಗೆ ಗೊತ್ತಿಲ್ಲದ ಇನ್ನಿಬ್ಬರು. ಇವಳ ಹೆಸರು ಕೃತಜ್ಞತೆಯ ಸಾಲಿನಲ್ಲೂ ಇರಲಿಲ್ಲ.

"ನಾ ಮಾಡಿದ್ದ ಸ್ಪೆಲ್ಲಿಂಗ್ ತಪ್ಪೂ ಹಂಗಽ ಐತ್ರಿ," ಎಂದಳು. "ನಂದು ನನಗಽ ಕಳವಿನ ಮಾಲ್ ಆತು." ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮರುದಿನ ಆ ಲೇಖನವನ್ನು ಮತ್ತೆ ಓದುತ್ತಿದ್ದವಳು ಒಂದು ಕೋಷ್ಟಕದ ಮೇಲೆ ಬೆರಳಿಟ್ಟು ನನ್ನನ್ನು ಕರೆದಳು. ಇಂಡಿಯ ತೋಟಗಳ ಜೊತೆ ಮುದ್ದೇಬಿಹಾಳ ತಾಲ್ಲೂಕಿನ ಒಂದು ಊರಿನ ತೋಟಗಳ ಅಂಕಿಗಳೂ ಅಲ್ಲಿದ್ದವು.

"ನಾವು ಆ ಕಡೆ ಕಾಲಽ ಇಟ್ಟಿಲ್ಲಲ್ರೀ?"

ಭಾನುವಾರ ಅಲ್ಲಿಗೆ ಹೋದೆವು. ಊರ ಸುತ್ತ ತೊಗರಿ, ಸೂರ್ಯಕಾಂತಿ. ಹೊಟೇಲಿನ ಮುಂದೆ ಕೂತಿದ್ದ ಹಿರಿಯರೊಬ್ಬರನ್ನು ನಿಂಬೆ ತೋಟ ಯಾವ ಕಡೆ ಎಂದು ಕೇಳಿದೆ.

"ನಿಂಬಿ ತ್ವಾಟಾ? ನಮ್ಮೂರಾಗಾ?" ಎಂದು ಅವರು ಪಕ್ಕದವರ ಮುಖ ನೋಡಿದರು. "ಗುಡಿ ಹಿಂದ ಒಂದ್ ಗಿಡ ಐತ್ರಿ. ಉಪ್ಪಿನಕಾಯಿಗೆ ಬೇಕಾಗಿದ್ರ ಹರ್ಕೊಂಡ್ ಹೋಗ್ರಿ."

ಅವಳು ಆ ಗಿಡದ ಹತ್ತಿರ ಹೋಗಿ ಬುಡ ಮುಟ್ಟಿ ನೋಡಿ ಬಂದಳು. ಅದಕ್ಕೆ ಯಾವ ರೋಗವೂ ಇರಲಿಲ್ಲ.

ಅದೇ ವಾರ ಇಬ್ಬರೂ ಮಾರ್ಗದರ್ಶಕರ ಮನೆಗೆ ಹೋದೆವು. ಅವರು ಚಹಾ ತರಿಸಿದರು. ಮಾತು ಮುಚ್ಚಿಡಲೂ ಇಲ್ಲ.

"ನನಗೂ ಪ್ರಮೋಷನ್ನಿಗೆ ಪೇಪರ್ ಬೇಕಾಗಿತ್ತು ತಂಗಿ. ಮುಂದಿನದ್ರಾಗ ನಿನ್ನ ಹೆಸರಽ ಮೊದಲ ಹಾಕೂಣು."

"ಸರ್, ಮುದ್ದೇಬಿಹಾಳದ ತೋಟ ಎಲ್ಲಿ ಅದಾವ್ರಿ?"

ಅವರು ಕನ್ನಡಕ ತೆಗೆದು ಒರೆಸಿದರು. "ಒಂದಽ ತಾಲೂಕಾದ್ದು ಸಾಲೂದಿಲ್ಲ ಅಂತ ಪತ್ರಿಕಾದವ್ರು ಅಂದ್ರು. ಅದಕ್ಕ ಸ್ವಲ್ಪ..."

"ಅದನ್ನ ನಂಬಿ ಯಾರರ ಔಷಧ ಹೊಡದ್ರ ಏನ್ ಗತಿ ಸರ್?"

"ಯಾರ್ ಓದ್ತಾರವ್ವಾ ಅದನ್ನ!" ಎಂದರು, ಸಮಾಧಾನ ಹೇಳುವ ದನಿಯಲ್ಲಿ.

ಕದ್ದದ್ದನ್ನಾದರೂ ಅವಳು ಒಂದು ದಿನ ಮರೆತಾಳು. ಆ ಮಾತನ್ನು ಮರೆಯಲಿಲ್ಲ. ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಟಳು. ಸಮಿತಿ ಕೂತಿತು. ನಾನು ಹೊರಗಿನ ಬೆಂಚಿನ ಮೇಲಿದ್ದೆ. ಒಳಗೆ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು. ಇಲ್ಲದ ತೋಟಗಳ ವಿಷಯ ಎತ್ತಿದಾಗ "ಅದು ಬ್ಯಾರೆ ವಿಚಾರ" ಎಂದರಂತೆ. ಸಮಿತಿಯಲ್ಲಿದ್ದ ಒಬ್ಬ ಮಹಿಳಾ ಪ್ರಾಧ್ಯಾಪಕರು ಮಾತ್ರ ಮೆಲ್ಲಗೆ, "ನಿನ್ನ ಮಾತು ಖರೇನಽ ಇರಬಹುದು. ಆದ್ರ ಅವರದು ಮೊದಲ ಅಚ್ಚಾಗೇತಿ," ಎಂದರಂತೆ. ಕೊನೆಗೆ ಎರಡು ದಾರಿ ತೋರಿಸಿದರು. ಹೊಸ ವಿಷಯ ಹಿಡಿದು ಮೊದಲಿನಿಂದ ಶುರು ಮಾಡಬೇಕು. ಇಲ್ಲವೇ, ಹೊಂದುವ ವಾಕ್ಯಗಳನ್ನೆಲ್ಲ ಉದ್ಧರಣ ಚಿಹ್ನೆಯೊಳಗೆ ಹಾಕಿ, ಮಾರ್ಗದರ್ಶಕರ ಲೇಖನದಿಂದ ತೆಗೆದುಕೊಂಡದ್ದು ಎಂದು ತೋರಿಸಬೇಕು.

ಮಾವನವರಿಗೆ ಇದನ್ನು ತಿಳಿಸಿ ಹೇಳುವುದೇ ಕಷ್ಟವಾಯಿತು. ಎಲ್ಲ ಕೇಳಿ, "ನಮ್ಮ ಗಿಡ ಯಾಕ ಸತ್ತೂ ಅನ್ನೂದು ನಿನಗ ಗೊತ್ತಾತಲ್ಲ? ನಮಗ ಅಷ್ಟ ಸಾಕವ್ವಾ," ಎಂದರು. ಅವಳು ಅವರ ಕೈ ಹಿಡಿದುಕೊಂಡಳು.

ಎರಡನೆಯ ದಾರಿಯನ್ನೇ ಹಿಡಿದಳು. ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬಂದಾಗ ನಡುಮನೆಯ ನೆಲದ ಮೇಲೆ ಹಾಳೆ ಹರವಿಕೊಂಡು, ತನ್ನ ವಾಕ್ಯಗಳ ಹಿಂದೊಂದು ಮುಂದೊಂದು ಗುರುತು ಹಾಕುತ್ತಿದ್ದಳು.

"ನೀವು ಭಾಷಾ ಕಲಿಸಾವ್ರು," ಎಂದಳು ತಲೆ ಎತ್ತದೆ. "ನಮ್ಮ ಮಾತು ನಾವಽ ಇದ್ರೊಳಗ ಹಾಕಿದ್ರ, ಅದು ಯಾರ ಮಾತಾಗ್ತೈತ್ರಿ?"

ನಾನು ಅವಳ ಪಕ್ಕದಲ್ಲಿ ಕೂತು ಹಾಳೆ ಜೋಡಿಸಿದೆ.

ಪದವಿ ಬಂತು. ನನ್ನ ತಮ್ಮ ಬಾಗಿಲಿಗೆ ಹಾಕಲು ಡಾಕ್ಟರ್ ಎಂದು ಬರೆಸಿದ ಫಲಕ ತಂದ. ಅವಳು ಮೊಳೆ ಹೊಡೆಯಗೊಡಲಿಲ್ಲ.

ಹೋದ ವರ್ಷ ಬಸವನ ಬಾಗೇವಾಡಿಯಲ್ಲಿ ಆ ಪ್ರಾಧ್ಯಾಪಕರ ನಿವೃತ್ತಿಯ ಸತ್ಕಾರವಿತ್ತು. ಬೇಡ ಎಂದೆ. "ಹೋಗದಿದ್ರ ಹೊಟ್ಟೆಕಿಚ್ಚು ಅಂತಾರ," ಎಂದು ಹೊರಟಳು. ಊಟದ ಪಂಕ್ತಿಯಲ್ಲಿ ಅವರು ಹೂಮಾಲೆ ಸಮೇತ ನಮ್ಮ ಎದುರು ಬಂದು ನಿಂತರು.

"ಹೊಸಾದೇನರ ಮಾಡಾಕತ್ತೀಯೇನವ್ವಾ?"

"ಇಲ್ರಿ ಸರ್. ಏನೂ ಇಲ್ಲ."

ಬಸ್ ನಿಲ್ದಾಣದಲ್ಲಿ ನಾನು ಕೇಳಿದೆ: "ಅವರಿಗೆ ಗೊತ್ತಾಗಬಾರದಂತ ಹಂಗ ಅಂದೇನು?"

"ಇಲ್ರಿ. ಖರೇನಽ ಏನೂ ಇಲ್ಲ."

ಮೊದಲೆಲ್ಲ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೆ ದಾರಿಯುದ್ದಕ್ಕೂ ಗಿಡಗಳ ಹೆಸರು ಹೇಳಿ ನನ್ನ ತಲೆ ತಿನ್ನುತ್ತಿದ್ದಳು. ಅವತ್ತು ಕಿಟಕಿಯ ಸೀಟು ನನಗೇ ಬಿಟ್ಟುಕೊಟ್ಟಳು.