ಅಕ್ಕನ ಕಂಬಳಿ

ಅಕ್ಕನ ಬಲಗೈ ತೋರುಬೆರಳು ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕುರಿ ಕೂಡುವ ರೊಪ್ಪದ ಬಾಗಿಲು ಬಿದ್ದು ಗೆಣ್ಣು ಜಜ್ಜಿ ಹೋಗಿತ್ತಂತೆ. ಮಿಕ್ಕ ಬೆರಳುಗಳೆಲ್ಲ ಕೀಬೋರ್ಡಿನ ಮೇಲೆ ಓಡಾಡುವಾಗ ಅದೊಂದು ಮಾತ್ರ ನೆಟ್ಟಗೆ ನಿಂತಿರುತ್ತಿತ್ತು. ದೂರದಿಂದ ನೋಡಿದವರಿಗೆ ಅಕ್ಕ ಕಂಪ್ಯೂಟರಿಗೆ ಬೈಯುತ್ತಿದ್ದಾರೆ ಅನ್ನಿಸಬೇಕು. ಬೈಯುತ್ತಲೂ ಇದ್ದರು ಅನ್ನಿ.

ಚಳ್ಳಕೆರೆಯ ಒಂದು ಎಣ್ಣೆ ಅಂಗಡಿಯ ಮಹಡಿಯ ಮೇಲೆ ನಮ್ಮ ಆಫೀಸು. ಬಾಗಿಲು ತೆಗೆದರೆ ಶೇಂಗಾ ಹಿಂಡಿಯ ವಾಸನೆ, ಹಾಕಿದರೆ ಸೆಕೆ. ವೆಬ್‌ಸೈಟಿನಲ್ಲಿ ಜನರ ಕಣ್ಣಿಗೆ ಕಾಣುವ ಭಾಗವನ್ನು ಮಾಡಿಕೊಡುವುದು ನಮ್ಮ ತಂಡದ ಕೆಲಸ. ಎಣ್ಣೆ ಮಿಲ್ಲಿನವರು, ಶಾಲೆಯವರು, ಬಟ್ಟೆ ಅಂಗಡಿಯವರು ನಮ್ಮ ಗಿರಾಕಿಗಳು. ನಾನು ರಾಂಪುರದವಳು, ಡಿಗ್ರಿ ಮುಗಿಸಿ ಬಂದವಳು, ಎಲ್ಲ ಗೊತ್ತು ಅಂದುಕೊಂಡು ಬಂದವಳು. ಅಕ್ಕ ಉಳ್ಳಾರ್ತಿ ಕಾವಲಿನ ಅಂಚಿನ ಒಂದು ಹಟ್ಟಿಯವರು. ಕುರಿ ಸಾಕುವ ಮನೆ. ಪಿಯುಸಿಗೇ ಓದು ನಿಲ್ಲಿಸಿ, ಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕಲಿಯಲು ಬಂದು, ಅಲ್ಲಿಂದ ತಾವೇ ಮುಂದೆ ಮುಂದೆ ಕಲಿಯುತ್ತ ಹೋದವರು. ನಾನು ಸೇರುವ ಹೊತ್ತಿಗೆ ತಂಡಕ್ಕೆ ಅವರೇ ಹಿರಿಯರು. ಮಾಲೀಕರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಅಕ್ಕನದು ಒಂದು ಪದ್ಧತಿ ಇತ್ತು. ನಾವು ಏನೇ ಮಾಡಿದರೂ ಅದನ್ನು ಅದರ ಗಂಧಗಾಳಿ ಗೊತ್ತಿಲ್ಲದವರ ಕೈಗೆ ಕೊಡಬೇಕು, ಮಾಡಿದವರು ಪಕ್ಕದಲ್ಲಿ ಕೈ ಕಟ್ಟಿ, ಬಾಯಿ ಮುಚ್ಚಿ ಕೂರಬೇಕು. "ಮಾಡ್ದೋರು ಬಗಲಾಗೆ ನಿಂತು ಹೇಳಿಕೊಟ್ರೆ ಎಂಥದಾದ್ರೂ ಸಲೀಸಾಗೇ ಕಾಣ್ತೈತೆ" ಎನ್ನುತ್ತಿದ್ದರು. ನಾನು ಮೊದಲ ಸಲ ಒಂದು ಹೋಟೆಲಿನ ಪುಟ ಮಾಡಿದಾಗ ಕೆಳಗಿನ ಎಣ್ಣೆ ಅಂಗಡಿಯಿಂದ ಒಬ್ಬರನ್ನು ಕರೆತಂದು, "ಇದ್ರಾಗೆ ಫೋನ್ ನಂಬರ್ ಎಲ್ಲೈತೆ ಹುಡುಕ್ರಿ" ಅಂದರು. ಪಾಪ, ಆ ಮನುಷ್ಯ ಮೇಲೆ ಕೆಳಗೆ ತಿರುಗಿಸಿ ತಿರುಗಿಸಿ, ಕೊನೆಗೆ "ಇವ್ರಿಗೆ ಫೋನೇ ಇಲ್ಲ ಬಿಡ್ರಿ" ಎಂದು ಎದ್ದು ಹೋದರು. ನಾನು ಅತ್ತುಬಿಟ್ಟೆ. ಅಕ್ಕ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು. "ತಿನ್ನು. ತಿಂದಾದ್ಮೇಲೆ ನಂಬರ್ ಮೇಲಕ್ಕೆ ತಗೊಂಡ್ ಬಾ. ಅಳೋದೇನೈತೆ ಇದ್ರಾಗೆ?"

ನಮ್ಮ ಎಲ್ಲ ಸೈಟುಗಳ ಹಿಂದೆ ಅಕ್ಕ ತಾವೇ ಬರೆದ ಒಂದು ಸಾಧನವಿತ್ತು. ನಾವು ಸುಮ್ಮನೆ ಬರಹ, ಫೋಟೊ ಹಾಕಿಟ್ಟರೆ ಅದು ಎಲ್ಲವನ್ನೂ ಸೇರಿಸಿ ಸೈಟಿನ ಪುಟಗಳನ್ನು ಮೊದಲೇ ತಯಾರಿಸಿ ಇಡುತ್ತಿತ್ತು. ಯಾರಾದರೂ ನೋಡಲು ಬಂದಾಗ ಹೊಸದಾಗಿ ಏನನ್ನೂ ಮಾಡಬೇಕಿರಲಿಲ್ಲ. ಇದನ್ನು ಅಕ್ಕ ನನಗೆ ವಿವರಿಸಿದ್ದು ಹೀಗೆ: "ನಮ್ಮವ್ವ ಕಟಕ್ ರೊಟ್ಟಿ ಬಡ್ದು ಇಟ್ಟಿರ್ತಾಳಲ್ಲ, ಹಂಗೆ. ಬಂದೋರಿಗೆ ಎತ್ತಿ ಕೊಡೋದಷ್ಟೇ. ಬಂದಾಗೆಲ್ಲ ಒಲೆ ಹಚ್ಚಂಗಿಲ್ಲ." ಅದಕ್ಕೆ ಅವರು ಇಟ್ಟ ಹೆಸರು ಕಂಬಳಿ. ಅವರ ಅಪ್ಪ ಚಳ್ಳಕೆರೆ ಸಂತೆಗೆ ಕಂಬಳಿ ಹೊತ್ತು ತರುತ್ತಿದ್ದವರು. ಇಂಥ ಸಾಧನಗಳು ಪುಕ್ಕಟೆಯಾಗಿ ಬೇಕಾದಷ್ಟು ಸಿಗುತ್ತವೆ, ಆದರೆ ಅಕ್ಕ ಶುರು ಮಾಡಿದ ಕಾಲಕ್ಕೆ ಅವು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಕಂಬಳಿ ಆಗಿಬಿಟ್ಟಿತ್ತು, ಚೆನ್ನಾಗಿಯೂ ಇತ್ತು. ತೊಂದರೆ ಒಂದೇ. ಅದರ ಒಳಗು ಅಕ್ಕನೊಬ್ಬರಿಗೇ ತಿಳಿದಿತ್ತು.

ಒಮ್ಮೆ ಅವರು ಹಟ್ಟಿಗೆ ಹೋಗಿದ್ದಾಗ ಕಂಬಳಿ ಕೈಕೊಟ್ಟಿತು. ಫೋನ್ ಹಚ್ಚಿದೆ. ಅವರು ರೊಪ್ಪದಲ್ಲಿ ನಿಂತು, ಯಾವ ಕಡತದಲ್ಲಿ ಯಾವ ಸಾಲು ಎಂದು ನೋಡದೆಯೇ ಬಾಯಲ್ಲಿ ಹೇಳುತ್ತ ಹೋದರು. ನಡುವೆ "ಏಯ್, ಬಾಯಿ ತೆಗಿ, ಬಿಡು ಅದನ್ನ!" ಎಂದು ಗದರಿದರು. ನಾನು ಗಾಬರಿಯಾಗಿ ಕೀಬೋರ್ಡಿನಿಂದ ಕೈ ತೆಗೆದೆ. "ನಿಂಗಲ್ಲ ಕಣೇ, ಮರಿಗೆ. ಪ್ಲಾಸ್ಟಿಕ್ ತಿಂತೈತೆ" ಅಂದರು. ಸೈಟು ಸರಿಹೋಯಿತು. ಮಾಲೀಕರು ಅವತ್ತು ನಗುತ್ತ ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ಕಂಬಳಿ ಇರೋತನಕ ಅಕ್ಕನ್ನ ಬಿಟ್ಟು ಈ ಆಫೀಸು ನಡೆಯಲ್ಲ ಬಿಡಿ."

ಅದೇ ಮಾಲೀಕರಿಗೆ ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಯುವವರ ಒಂದು ಸಂಘದ ಕೆಲಸ ಸಿಕ್ಕಿತು. ಸೀರೆಗೊಂದು ಪುಟ. ಮಗ್ಗದಿಂದ ಸೀರೆ ಇಳಿದ ಹಾಗೆಲ್ಲ ಸಂಘದವರೇ ಪುಟ ಸೇರಿಸುತ್ತ ಹೋಗಬೇಕು. ಇನ್ನು ಮೇಲೆ ತಂಡದಲ್ಲಿ ಎಲ್ಲರಿಗೂ ತಿಳಿಯುವ ಸಾಧನ ಬೇಕು, ಕಂಬಳಿಯನ್ನೂ ಸೇರಿಸಿ ನೋಡಿ ಒಂದನ್ನು ಆರಿಸಿ ಎಂದು ಮಾಲೀಕರು ಹೇಳಿದರು. "ನಾನು ಆರಿಸಿದ್ರೆ ನಂದನ್ನೇ ಆರಿಸ್ತೀನಿ. ಇವಳು ಆರಿಸ್ಲಿ" ಎಂದು ಅಕ್ಕ ನನ್ನ ಕಡೆ ಆ ನೆಟ್ಟಗಿನ ಬೆರಳು ತೋರಿಸಿದರು. ಕಂಬಳಿ ಹೋದರೆ ಹೋಗುವುದು ಅಕ್ಕನ ಕುರ್ಚಿ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಡಿಗ್ರಿ ಇಲ್ಲದ ಅವರಿಗೆ ಬೇರೆ ಕಡೆ ಇಂಥ ಕುರ್ಚಿ ಹಾಕಿಕೊಡುವವರು ಯಾರೂ ಇರಲಿಲ್ಲ.

ಅಂತರ್ಜಾಲದಲ್ಲಿ ಜನ ಹೊಗಳುವ ಮೂರನ್ನು ಹುಡುಕಿದೆ. ಅಕ್ಕ ಪ್ರತಿಯೊಂದಕ್ಕೂ ಎರಡೇ ಪ್ರಶ್ನೆ ಕೇಳುತ್ತಿದ್ದರು. "ನಾಳೆ ಇದನ್ನ ಬಿಡಬೇಕು ಅಂದ್ರೆ ನಮ್ಮ ಬರಹ ನಮಗೆ ವಾಪಸ್ ಸಿಗ್ತೈತಾ? ಇದು ಕೆಟ್ಟು ಕುಂತ್ರೆ ಯಾರನ್ನ ಕೇಳ್ತೀಯ?" ಒಂದಕ್ಕೆ ಮೊದಲ ಪ್ರಶ್ನೆಯೇ ಗತಿ ಕಾಣಿಸಿತು. ಇನ್ನೊಂದನ್ನು ಮಾಡಿದವರೇ ಬಿಟ್ಟುಹಾಕಿದ್ದರು. ಉಳಿದ ಒಂದಕ್ಕೆ ಎರಡೂ ಉತ್ತರ ಚೆನ್ನಾಗಿತ್ತು. ಕಂಬಳಿಗೆ ಎರಡನೆಯ ಪ್ರಶ್ನೆಯನ್ನು ಅಕ್ಕನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಉತ್ತರ ಪಕ್ಕದಲ್ಲೇ ಕೂತಿತ್ತು.

ಕಂಬಳಿಯನ್ನೂ ಆ ಹೊಸದನ್ನೂ ಹಿಡಿದುಕೊಂಡು ಇಬ್ಬರೂ ಮೊಳಕಾಲ್ಮುರಿಗೆ ಹೋದೆವು. ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನೇಕಾರರ ಮನೆಯ ಒಬ್ಬ ಹುಡುಗಿ. ಅವರ ಹಳೇ ಕಂಪ್ಯೂಟರಿಗೆ ಹೊಸದನ್ನು ಹಾಕುವಷ್ಟರಲ್ಲಿ ನನಗೆ ಬೆವರಿಳಿಯಿತು. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯೂ ಆಯಿತು. ಹೊಸದು ಸೋಲಲಿ ದೇವರೇ ಎಂದು ಬೇಡಿಕೊಂಡೆ. ಜಟಿಂಗ ರಾಮೇಶ್ವರನಿಗೆ ಒಂದು ತೆಂಗಿನಕಾಯಿ ಹರಕೆಯನ್ನೂ ಹೊತ್ತೆ.

ಮೊದಲು ಕಂಬಳಿ. ಅಕ್ಕ ಕೈ ಕಟ್ಟಿ ಕೂತರು. ಹುಡುಗಿ ಸೀರೆಯ ಹೆಸರು, ಬಣ್ಣ, ಅಂಚು ಎಲ್ಲ ಸರಿಯಾಗಿ ಬರೆದಳು. ವಿವರ ಶುರುವಾಗುವ ಮೊದಲು ಒಂದು ಸಾಲು ಖಾಲಿ ಬಿಡಬೇಕು, ಅದನ್ನು ಬಿಡಲಿಲ್ಲ. ಬಟನ್ ಒತ್ತಿದಳು. ಆ ಪುಟದ ಜೊತೆಗೆ ಮಿಕ್ಕ ಪುಟಗಳೂ ಮಾಯವಾಗಿ ಪರದೆ ಬೆಳ್ಳಗಾಯಿತು. "ಅಯ್ಯೋ, ಅಂತಾ ಪೋಯಿಂದಿ! ಎಲ್ಲಾ ಹೋಯ್ತು ಮೇಡಂ, ನಾನೇನ್ ಮಾಡ್ಬಿಟ್ಟೆ?" ಎಂದು ಅವಳ ಮುಖ ಸಣ್ಣದಾಯಿತು. ಮತ್ತೆ ಮಾಡಿದಳು, ಮತ್ತೆ ಹೋಯಿತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಕ್ಕ ತುಟಿ ಬಿಗಿಹಿಡಿದು ಕೂತಿದ್ದರು. ಕಟ್ಟಿದ ಕೈಯಿಂದ ಆ ಬೆರಳೊಂದೇ ಹೊರಗೆ ಚಾಚಿಕೊಂಡಿತ್ತು.

ಹೊಸದರಲ್ಲೂ ಅವಳು ತಪ್ಪು ಮಾಡಿದಳು. ಅದು ಇಂಥ ಸಾಲಿನಲ್ಲಿ ತಪ್ಪಿದೆ ಎಂದು ತೋರಿಸಿತು, ಮಿಕ್ಕ ಪುಟಗಳ ಗೊಡವೆಗೆ ಹೋಗಲಿಲ್ಲ. ತಿದ್ದಿದಳು. ಸೀರೆ ಬಂತು. "ನಾನೇ ಹಾಕ್ದೆ!" ಎಂದು ಕುಣಿದುಬಿಟ್ಟಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಅಂದೆ, "ಅಕ್ಕ, ಆ ಖಾಲಿ ಸಾಲಿಂದು ಒಂದು ಸರಿ ಮಾಡಿಬಿಡಿ. ಕಂಬಳಿನೇ ಇರ್ಲಿ ಅಂತ ಮಾಲೀಕರಿಗೆ ಬರೀತೀನಿ."

"ಸರಿ ಮಾಡೋರು ಯಾರು? ನಾನು. ನಾಳೆ ಇನ್ನೊಂದು ಬರ್ತೈತೆ, ಅದಕ್ಕೂ ನಾನು. ನಾನು ಊರಾಗೆ ಇಲ್ದಿದ್ರೆ ಆ ಹುಡುಗಿ ತಲೆ ಮೇಲೆ ಕೈ ಹೊತ್ಕೊಂಡು ಕೂರ್ಬೇಕಾ?" ಅಕ್ಕನ ದನಿ ಏರಿತು. ಮುಂದಿನ ಸೀಟಿನವರು ತಿರುಗಿ ನೋಡಿದರು. "ನನ್ನ ಮ್ಯಾಲಿನ ಕನಿಕರಕ್ಕೆ ಅವಳನ್ನ ಅಳಿಸ್ತೀಯೇನೇ? ಕಣ್ಣಿಗೆ ಕಂಡಿದ್ದು ಬರಿ."

ಬರೆದೆ. ಮಾಲೀಕರು ಒಪ್ಪಿದರು. ಆಮೇಲೆ ಅಕ್ಕ ತಮ್ಮ ಕೈಯಾರೆ ಒಂದೊಂದೇ ಸೈಟನ್ನು ಕಂಬಳಿಯಿಂದ ಬಿಡಿಸಿ ಹೊಸದಕ್ಕೆ ಸಾಗಿಸಿದರು. ಹೊಸದನ್ನು ಅವರಿಗೆ ಕಲಿಸಬೇಕಾದವಳು ನಾನು. ತಪ್ಪಿದಲ್ಲಿ ಹೇಳಿಕೊಡಲು ಹೋದರೆ, "ಕೈ ಕಟ್ಟು" ಎಂದು ಗದರುತ್ತಿದ್ದರು. ಕೈ ಕಟ್ಟಿ ಕೂತು, ಅಕ್ಕ ತಡವರಿಸುವುದನ್ನು ನೋಡುತ್ತಿದ್ದೆ. ಅದಕ್ಕಿಂತ ಕಷ್ಟದ ಕೆಲಸವನ್ನು ನಾನು ಆ ಆಫೀಸಿನಲ್ಲಿ ಮಾಡಿಲ್ಲ.

ಎಲ್ಲ ಸಾಗಿಸಿದ ಮೇಲೆ ಮಾಲೀಕರು ನನ್ನನ್ನು ತಂಡಕ್ಕೆ ಮುಖ್ಯಸ್ಥೆ ಮಾಡಿದರು. ಅಕ್ಕನಿಗೆ ಸೀರೆಯ ಫೋಟೊಗಳ ಅಂಚು ಕತ್ತರಿಸುವ ಕೆಲಸ ಉಳಿಯಿತು. ಬೆಳಗ್ಗೆ ಅದನ್ನು ಹಂಚಿಕೊಡಬೇಕಾದವಳೂ ನಾನೇ. "ಅಕ್ಕ, ಇವತ್ತು ಇವಿಷ್ಟು…" ಎಂದು ಶುರು ಮಾಡುವಷ್ಟರಲ್ಲೇ "ಕೊಡಮ್ಮ" ಎಂದು ಅವರೇ ಕೈ ಚಾಚುತ್ತಿದ್ದರು. ಒಂದು ಎಳೆಯೂ ತಪ್ಪದ ಹಾಗೆ ಕತ್ತರಿಸಿ ಕೊಡುತ್ತಿದ್ದರು. ಹೋಗಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಅಣ್ಣನ ಮನೆಯಲ್ಲಿ ಕುರಿ ನೋಡಿಕೊಳ್ಳಲು ಕೈ ಸಾಲದು ಎಂದು ಅವರೇ ಒಂದು ದಿನ ಹೇಳಿದರು. ಮಾಲೀಕರು ಶಾಲು ಹೊದಿಸಿದರು. ನಾನು ಚಪ್ಪಾಳೆ ತಟ್ಟಿದೆ.

ನೀನು ಮಾಡಿದ್ದು ಸರಿ ಎಂದು ಎಲ್ಲರೂ ಹೇಳುತ್ತಾರೆ. ಹೌದು, ಸರಿಯೇ. ಮೊಳಕಾಲ್ಮುರಿನ ಹುಡುಗಿ ಈಗ ಯಾರನ್ನೂ ಕೇಳದೆ ಸೀರೆ ಹಾಕುತ್ತಾಳೆ. ಆದರೂ ನನಗೆ ತಪ್ಪಿತಸ್ಥಳ ಹಾಗೆ ಅನ್ನಿಸುವುದು ಹೋಗಿಲ್ಲ. ತಡೆಯಲಾರದೆ ಒಂದು ಭಾನುವಾರ ಹಟ್ಟಿಗೆ ಹೋದೆ. ಅಕ್ಕ ಮಜ್ಜಿಗೆ ಕೊಟ್ಟು, ಮೊದಲು ಕೇಳಿದ್ದೇ ಆ ಹುಡುಗಿಯ ವಿಚಾರ. ಹೇಳಿದೆ. "ನನ್ನಿಂದ ನಿಮಗೆ ಹಿಂಗಾಯ್ತು ಅಕ್ಕ. ಕ್ಷಮಿಸಿಬಿಡಿ" ಅಂದೆ.

ಅಕ್ಕನಿಗೆ ಸಿಟ್ಟೇ ಬಂತು. "ತಪ್ಪು ಮಾಡಿದ್ರೆ ಕ್ಷಮಿಸ್ತಿದ್ದೆ. ಸರಿಯಾಗಿ ಮಾಡ್ದೋಳಿಗೆ ನಾನೇನ್ ಕ್ಷಮಿಸ್ಲಿ? ಬೇಜಾರಾಗಿದ್ದು ನಂಗೆ ಆಗೈತೆ. ಅದು ನಂದು. ಅದನ್ನೂ ನೀನೇ ಇಸ್ಕೊಂಡು ಹೋಗ್ಬೇಕಾ?"

ಮಜ್ಜಿಗೆ ಕುಡಿದೆ. ಸಂಜೆ ರಸ್ತೆಯವರೆಗೆ ಬಂದು ಅಕ್ಕನೇ ಬಸ್ಸಿಗೆ ಕೈ ತೋರಿಸಿ ನಿಲ್ಲಿಸಿದರು. ಕಂಡಕ್ಟರು ಆ ಕಡೆಯವನೇ, ಅಕ್ಕನಿಗೆ ಪರಿಚಯ. "ಯಾರಕ್ಕ, ನೆಂಟ್ರಾ?" ಎಂದು ಕೇಳಿದ.

"ಅಲ್ಲಪ್ಪ, ನಮ್ಮ ಆಫೀಸಿನ ದೊಡ್ಡೋರು. ನಾನು ಇವ್ರ ಕೈಕೆಳಗೆ ಕೆಲ್ಸ ಮಾಡಿದ್ದು. ಒಳ್ಳೆ ಸೀಟು ನೋಡಿ ಕೂರ್ಸು" ಅಂದರು ಅಕ್ಕ.

ಚುಚ್ಚಿ ಆಡಿದ ಮಾತೇನೋ ಎಂದು ತಿರುಗಿ ಅವರ ಮುಖ ನೋಡಿದೆ. ಆಗಿರಲಿಲ್ಲ. ಹೆಮ್ಮೆಯಿಂದ ಹೇಳಿದ್ದರು. ಚುಚ್ಚಿದ್ದರೆ ನಾನು ಆ ಬಸ್ಸನ್ನು ಸ್ವಲ್ಪ ಹಗುರವಾಗಿ ಹತ್ತುತ್ತಿದ್ದೆ.