ಒಂದು ಬೆರಳಿನಷ್ಟು ಜಾಗ

ಅವರ ಬಲಗೈಯ ತೋರುಬೆರಳು ಮೊದಲ ಗೆಣ್ಣಿನಿಂದ ಎಡಕ್ಕೆ ವಾಲಿತ್ತು. ಎಂದೋ ಮಣ್ಣೆತ್ತುವ ಲೋಡರಿನ ಬಕೆಟ್ಟಿನ ಪಿನ್ನು ಜಾರಿ ಬಿದ್ದು ಮುರಿದದ್ದನ್ನು ಆಸ್ಪತ್ರೆಗೆ ತೋರಿಸದೆ, ಬಟ್ಟೆ ಸುತ್ತಿಕೊಂಡು ತಾವೇ ಕೂಡಿಸಿಕೊಂಡಿದ್ದರಂತೆ. ಟೈರಿಗೂ ಗಾಡಿಯ ಮೈಗೂ ನಡುವಿನ ಸಂದಿಯಲ್ಲಿ ಆ ಸೊಟ್ಟ ಬೆರಳನ್ನೇ ತೂರಿಸಿ, ಕಣ್ಣು ಮುಚ್ಚಿ, ಜಾಗ ಇಷ್ಟಿದೆ ಎಂದು ಹೇಳುತ್ತಿದ್ದರು. ನಾನು ಟೇಪು ಹಿಡಿದು ಅಳೆದರೆ ಒಂದೆರಡು ಮಿಲಿಮೀಟರ್ ಆಚೀಚೆ, ಅಷ್ಟೇ.

ಗದಗ ಕಡೆಯವರು. ಇಪ್ಪತ್ತೆರಡು ವರ್ಷದ ಹಿಂದೆ ಮಲೇಷ್ಯಾಕ್ಕೆ ಬಂದು, ಮೊದಲು ತಾಳೆ ತೋಟಗಳಲ್ಲಿ ರಸ್ತೆ ಮಾಡುವ ಯಂತ್ರ ನಡೆಸಿ, ಆಮೇಲೆ ಪೆನಾಂಗ್ ಸೇತುವೆಯ ಆಚೆ, ಭೂಭಾಗದ ಕಡೆ ಇದ್ದ ನಮ್ಮ ಯಾರ್ಡಿಗೆ ಸೇರಿದ್ದರು. ಮಣ್ಣು ಕೆಲಸದ ಯಂತ್ರಗಳನ್ನು ಬಾಡಿಗೆಗೆ ಕೊಡುವ ಸಣ್ಣ ಕಂಪನಿ ನಮ್ಮದು. ಗಂಡನಿಗೆ ಪೆನಾಂಗ್ ದ್ವೀಪದ ಬಯಾನ್ ಲೆಪಾಸಿನ ಚಿಪ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಮೈಸೂರಿನಿಂದ ಬಂದ ನಾನು ಅಲ್ಲಿ ಬಿಡಿಭಾಗಗಳನ್ನು ತರಿಸುವ ಎಂಜಿನಿಯರ್. ಅವರನ್ನು ಚಾಚಾ ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ‘ಅವ್ವಾ’ ಎನ್ನುತ್ತಿದ್ದರು.

ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಕ್ಯಾಟಲಾಗು ಹಿಡಿದುಕೊಂಡು ಅಂಗಳಕ್ಕೆ ಹೋಗಿದ್ದೆ. ಚಾಚಾ ಒಂದು ತಾಡಪಾಲು ಹಾಸಿ, ‘ಮಲಗವ್ವಾ’ ಅಂದರು. ನಾನು ಕ್ಯಾಟಲಾಗು ತೋರಿಸಿದೆ.

‘ಪುಸ್ತಕದಾಗ ಇರೂದು ಹೊಸಾ ಗಾಡಿ. ನಮ್ಮದು ಹಳೇದು. ತಳಗ ಹೋಗಿ ಇದರ ಮಾರಿ ನೋಡು.’

ಇಸ್ತ್ರಿ ಮಾಡಿದ ಅಂಗಿಯಲ್ಲೇ ಅಂಗಾತ ಮಲಗಿ ನೋಡಿದೆ. ಎಲ್ಲೆಲ್ಲಿ ಬೆಸುಗೆ ಹಾಕಿದ್ದಾರೆ, ಯಾವ ಚಕ್ರದ ರಿಮ್ಮನ್ನು ಬೇರೆ ಗಾಡಿಯಿಂದ ತಂದು ಹಾಕಿದ್ದಾರೆ ಎಂಬುದೆಲ್ಲ ಅಲ್ಲಿ ಗೊತ್ತಾಯಿತು. ಎದ್ದಾಗ ಬೆನ್ನೆಲ್ಲ ಗ್ರೀಸು. ಆ ದಿನ ಪಕ್ಕದ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ಅವರು ತರಿಸಿದ ಟೆ ತಾರಿಕ್ ಚಹಾ ಕುಡಿಯುತ್ತಾ ಅಂಗಿ ಒಣಗಿಸಿಕೊಂಡೆ.

ಅವರು ಓದಿದ್ದು ನಾಲ್ಕನೇ ಇಯತ್ತೆ. ಅಳತೆಗಳನ್ನು ಸೀಮೆಸುಣ್ಣದಲ್ಲಿ ಗಾಡಿಯ ಮೈಮೇಲೆ ಕನ್ನಡದ ಅಂಕಿಗಳಲ್ಲೇ ಬರೆಯುತ್ತಿದ್ದರು. ಯಾರ್ಡಿನಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ನಾನು ಬರುವ ಮುಂಚೆ ಬರೆದುಕೊಂಡು ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ, ‘ನಾನಽ ಓದಿ ನಾನಽ ಖುಷಿ ಪಡತಿದ್ದೆ’ ಎಂದು ನಕ್ಕಿದ್ದರು.

ಕೊರೋನಾದ ಎರಡನೇ ವರ್ಷ ಲಾಕ್‌ಡೌನ್ ಮತ್ತೆ ಬಿಗಿಯಾಯಿತು. ಸೇತುವೆ ದಾಟಲು ಪೊಲೀಸರ ಪರವಾನಗಿ ಬೇಕಿತ್ತು. ಆಫೀಸಿನವರೆಲ್ಲ ಮನೆಯಿಂದ, ಯಂತ್ರದವರು ಮಾತ್ರ ಯಾರ್ಡಿನಲ್ಲಿ. ಚಾಚಾ ಯಾರ್ಡಿನ ಹಿಂದಿನ ಕೋಣೆಯಲ್ಲೇ ಇರುತ್ತಿದ್ದರು. ಊರಿಗೆ ಹೋಗಿ ಎರಡು ವರ್ಷವಾಗಿತ್ತು. ಆ ರಂಜಾನಿಗೆ ಹೋಗುವುದೆಂದು ಇಟ್ಟಿದ್ದ ಟಿಕೆಟ್ಟು ರದ್ದಾಗಿತ್ತು.

ಅದೇ ದಿನಗಳಲ್ಲಿ ಒಂದು ಮಸೀದಿಯ ಸಮಿತಿಯವರು ನಮ್ಮ ಚಿಕ್ಕ ಲೋಡರನ್ನು ಕೇಳಿದರು. ಅವರ ಖಬರಸ್ತಾನ ಗುಡ್ಡದ ಇಳಿಜಾರಿನಲ್ಲಿತ್ತು. ದಿನಕ್ಕೆ ಒಂದೋ ಎರಡೋ ದಫನು ಆಗುತ್ತಿದ್ದ ಕಡೆ ಈಗ ಸಾಲು ಸಾಲು. ಗುಂಡಿ ತೋಡುವ ನಾಲ್ಕು ಜನ, ಮೈತುಂಬ ಬಿಳಿ ಪ್ಲಾಸ್ಟಿಕ್ ಸೂಟು ಹಾಕಿಕೊಂಡು ಆ ಸೆಕೆಯಲ್ಲಿ ಸೋತುಹೋಗಿದ್ದರು. ಮಣ್ಣು ಸಾಗಿಸುವುದಕ್ಕಾದರೂ ಯಂತ್ರ ಬೇಕು. ಚಾಚಾ ಲೋಡರ್ ತೆಗೆದುಕೊಂಡು ಹೋದರು. ಆದರೆ ಮಳೆ ಬಿದ್ದ ಕೆಂಪು ಜೇಡಿಯಲ್ಲಿ ಟೈರು ಹೂತು, ಗಾಡಿ ಅರ್ಧ ಏರಿನಲ್ಲೇ ನಿಂತಿತು; ಎಳೆಸಿ ಯಾರ್ಡಿಗೆ ವಾಪಸು ತರಬೇಕಾಯಿತು.

ಇದಕ್ಕೊಂದು ಉಪಾಯವಿದೆ. ಒಂದೊಂದು ಪಕ್ಕದ ಹಿಂದುಮುಂದಿನ ಎರಡು ಟೈರುಗಳನ್ನೂ ಸುತ್ತಿ ಒಂದು ಪಟ್ಟಿ ಹಾಕುವುದು. ಯುದ್ಧದ ಟ್ಯಾಂಕಿನ ಸರಪಳಿಯ ಹಾಗೆ. ಉಕ್ಕಿನ ಹಲಗೆಗಳದ್ದೂ ಸಿಗುತ್ತದೆ, ರಬ್ಬರಿನದೂ ಸಿಗುತ್ತದೆ. ಯಾವುದು ತರಿಸಬೇಕೆಂದು ತೌಕೆ, ಎಂದರೆ ನಮ್ಮ ಮಾಲೀಕರು, ಫೋನಿನಲ್ಲೇ ಎಲ್ಲರನ್ನೂ ಸೇರಿಸಿ ಮಾತಿಗೆ ಕೂತರು.

‘ಸ್ಟೀಲ್ ಕ್ವಾಲಾಲಂಪುರದಲ್ಲಿ ರೆಡಿ ಇದೆ ಲಾ. ಕೆಸರಲ್ಲಿ ಹಿಡಿತಾನೂ ಜಾಸ್ತಿ. ರಬ್ಬರಿಗೆ ಯಾಕೆ ಕಾಯೋದು?’ ಅಂದರು, ಅಲ್ಲಿಯ ರೂಢಿಯಂತೆ ಮಾತಿಗೊಂದು ‘ಲಾ’ ಸೇರಿಸಿ.

ಚಾಚಾ ಮಲಾಯ್ ಭಾಷೆಯಲ್ಲಿ ಅವರಿಗೊಂದಿಷ್ಟು ಹೇಳಿ, ಆಮೇಲೆ ನನಗೆ ಕನ್ನಡದಲ್ಲಿ ಹೇಳಿದರು: ‘ಅವ್ವಾ, ಬಾಸ್‌ಗ ಬಿಡಿಸಿ ಹೇಳು. ಈ ಗಾಡಿ ತಿರುಗೂದಿಲ್ಲ, ತಿಕ್ಕತೈತಿ. ಒಂದು ಬಾಜೂದ ಗಾಲಿ ನಿಂದರಿಸಿ ಇನ್ನೊಂದು ಬಾಜೂದ್ದು ಓಡಿಸಿದ್ರನಽ ಇದು ಹೊಳ್ಳೂದು. ಉಕ್ಕು ಹಾಕಿದ್ರ ನೆಲ ಕಿತ್ತು ಬರತೈತಿ. ಗೋರಿಗೂ ಗೋರಿಗೂ ನಡಕ ದಾರೀನ ಇಲ್ಲಲ್ಲಿ. ನಿನ್ನೆ ಮಣ್ಣಾದಾವ್ರು ಮಲಗ್ಯಾರ.’

ನಾನು ಹೇಳಿದೆ. ತೌಕೆ, ‘ಓಕೆ, ರಬ್ಬರ್’ ಅಂದರು.

ಜೊಹೋರಿನ ಅಂಗಡಿಯೊಂದರಲ್ಲಿ ಒಂದೇ ಒಂದು ಜೊತೆ ಇತ್ತು. ಮಧ್ಯಾಹ್ನ ಹನ್ನೆರಡರೊಳಗೆ ಹೇಳದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದರು. ಚಾಚಾಗೆ ಅಳತೆ ಕೇಳಿದೆ. ಮಳೆಯಲ್ಲಿ ಸೀಮೆಸುಣ್ಣ ನಿಲ್ಲುತ್ತಿರಲಿಲ್ಲವಾದ್ದರಿಂದ ಅವರು ಬರೆದು ಫೋಟೋ ಕಳಿಸುವ ಬದಲು ವಾಟ್ಸ್ಯಾಪಿನಲ್ಲಿ ಮಾತನಾಡಿ ಕಳಿಸಿದರು. ನಾನಾಗ ಇನ್ನೊಂದು ಮೀಟಿಂಗಿನಲ್ಲಿದ್ದೆ. ಪಕ್ಕದಲ್ಲಿ ಮಗಳ ಆನ್‌ಲೈನ್ ತರಗತಿ. ಒಂದು ಕಿವಿಯಲ್ಲಿ ಚಾಚಾ ಮಾತು ಕೇಳಿಸಿಕೊಳ್ಳುತ್ತಾ ಟೈರಿನ ಸೈಜು, ಎರಡು ಚಕ್ರಗಳ ನಡುವಿನ ಅಂತರ ಗುರುತು ಹಾಕಿಕೊಂಡೆ. ಬೇಕಾದದ್ದು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಿ ಆರ್ಡರ್ ಕಳಿಸಿದೆ.

ಮೂರು ದಿನದಲ್ಲಿ ಪಟ್ಟಿಗಳು ಬಂದವು. ಅವುಗಳನ್ನು ಸುತ್ತಿಸಿ, ಎಳೆದು, ಪಿನ್ನು ಹೊಡೆದು ಗಾಡಿಯನ್ನು ನಾಲ್ಕು ಮಾರು ಓಡಿಸುವಷ್ಟರಲ್ಲಿ ಒಳಗಿನ ಅಂಚು ಗಾಡಿಯ ಮೈಗೆ ಉಜ್ಜಿ ಕಿರುಗುಟ್ಟಿತು. ಚಾಚಾ ನಿಲ್ಲಿಸಿ ನನಗೆ ಫೋನ್ ಮಾಡಿದರು.

‘ಸ್ಪೇಸರ್ ಎಲ್ಲೈತವ್ವಾ?’

‘ಯಾವ ಸ್ಪೇಸರ್ ಚಾಚಾ?’

ಅವರು ಮೆಲ್ಲಗೆ, ‘ಇರಲಿ ಬಿಡು’ ಅಂದರು.

ಫೋನ್ ಇಟ್ಟು ಅವರ ಮಾತಿನ ಉಳಿದ ಭಾಗ ಕೇಳಿದೆ. ‘ಒಳಮಗ್ಗಲದಾಗ ಒಂದ ಬೆರಳಷ್ಟು ಜಾಗ ಐತಿ. ಗಾಲಿ ಹೊರಗ ಸರಸೂ ಉಕ್ಕಿನ ಬಳೆ, ಸ್ಪೇಸರ್, ಅದು ಇಲ್ದ ಪಟ್ಟಿ ಕೂಡಂಗಿಲ್ಲ. ಎರಡೂ ಕೂಡಿಸಿನಽ ತರಸು. ಮರೀಬ್ಯಾಡವ್ವಾ.’ ಇನ್ನು ನಲವತ್ತು ಸೆಕೆಂಡು ಕೇಳಿದ್ದರೆ ಆಗುತ್ತಿತ್ತು.

ನಮ್ಮ ಗಾಡಿಯ ಅಳತೆಯ ಸ್ಪೇಸರ್ ಎಲ್ಲೂ ಇರಲಿಲ್ಲ. ಮಾಡಿಸಿ ತರಿಸಲು ಎಂಟು ದಿನ. ಆ ಸಂಜೆ ತೌಕೆ ಮತ್ತೆ ಎಲ್ಲರನ್ನೂ ಫೋನಿಗೆ ಕರೆದರು. ಮಸೀದಿಯವರಿಗೆ ಮಾತು ಕೊಟ್ಟಿದ್ದರು, ಸಿಟ್ಟಿನಲ್ಲಿದ್ದರು.

‘ಅಳತೆ ಯಾರದು?’

ನನ್ನ ಮೈಕು ಮುಚ್ಚಿತ್ತು. ತೆರೆಯಲು ಬೆರಳು ಇಟ್ಟೆ. ಅಷ್ಟರಲ್ಲಿ ಚಾಚಾ ಹೇಳಿಬಿಟ್ಟರು: ‘ನಂದೇ ಬಾಸ್. ಬೆರಳು ಸೊಟ್ಟ, ಅಳತೆನೂ ಸೊಟ್ಟ ಆತು.’

ಯಾರೋ ನಕ್ಕರು. ತೌಕೆ ಅವರಿಗೆ ಕೇಳಬಾರದ ಮಾತು ಒಂದೆರಡು ಹೇಳಿದರು. ನಾನು ಬೆರಳನ್ನು ಹಿಂದಕ್ಕೆ ತೆಗೆದುಕೊಂಡೆ. ಯಾರೂ ನನ್ನನ್ನು ತಡೆದಿರಲಿಲ್ಲ. ಮಾತು ಮುಗಿದು ಬೇರೆ ವಿಷಯಕ್ಕೆ ಹೋಗುವವರೆಗೂ ನನಗೆ ಸಮಯವಿತ್ತು.

ಆಮೇಲೆ ಅವರಿಗೆ ಫೋನ್ ಮಾಡಿ ಅತ್ತೆ. ‘ಯಾಕೆ ಚಾಚಾ ಹಾಗೆ ಹೇಳಿದಿರಿ?’

‘ನಿನ್ನ ವೀಸಾ ಕಾಗದ ಬಾಸನ ಟೇಬಲ್ ಮ್ಯಾಲ ಐತಿ, ಹೌದಿಲ್ಲೋ? ನಂದು ಹ್ವಾದ ತಿಂಗಳನ ಆಗೇತಿ. ಬೈಗಳಕ್ಕ ನನ್ನ ಮೈ ಸವದೈತಿ. ನೀ ಅಳಬ್ಯಾಡ.’

ಆ ಎಂಟು ದಿನ ಗಾಡಿ ಯಾರ್ಡಿನಲ್ಲಿ ನಿಂತಿತ್ತು. ಚಾಚಾ ನಿಲ್ಲಲಿಲ್ಲ. ಬೆಳಗಾದರೆ ಮೋಟರ್ ಬೈಕಿನಲ್ಲಿ ಆ ಗುಡ್ಡಕ್ಕೆ ಹೋಗಿ, ಸಲಿಕೆ ಬುಟ್ಟಿ ಹಿಡಿದು ಆ ನಾಲ್ವರ ಜೊತೆ ಐದನೆಯವರಾಗಿ ಮಣ್ಣು ಹೊತ್ತರು. ನಿಮಗೆ ಐವತ್ತಾರು ವರ್ಷ, ಸಕ್ಕರೆ ಕಾಯಿಲೆ ಬೇರೆ, ಲಸಿಕೆಯೂ ಇನ್ನೂ ಒಂದೇ ಆಗಿದೆ, ಬೇಡ ಎಂದು ಬೇಡಿಕೊಂಡೆ.

‘ಮನಿ ಮಂದಿನ ಹತ್ರ ಬಿಡವಲ್ರವ್ವಾ,’ ಅಂದರು. ‘ಗೇಟಿನ ಹೊರಗ ಕಾರಿನ್ಯಾಗ ಕುಂತು ಅಳತಾರ. ಮೂರು ಹಿಡಿ ಮಣ್ಣು ಯಾರರ ಕೊಡಬೇಕಲ್ಲ.’

ಒಂದು ದಿನ ಒಬ್ಬ ಹೆಂಗಸು ಗೇಟಿನ ಸರಳಿನೊಳಗಿಂದ ಇವರಿಗೆ ಒಂದು ಮುಷ್ಟಿ ಹೂವು ಕೊಟ್ಟು, ತನ್ನ ಗಂಡನ ಮೇಲೆ ಹಾಕಿ ಎಂದಳಂತೆ. ಆವತ್ತು ಮೂರು ಮಂದಿಯನ್ನು ತಂದಿದ್ದರು. ಯಾರು ಅವಳ ಗಂಡ ಎಂದು ಇವರಿಗೆ ತಿಳಿಯಲಿಲ್ಲ. ಮೂವರಿಗೂ ಹಂಚಿ ಹಾಕಿ ಬಂದೆ ಎಂದರು.

ಒಂಬತ್ತನೆಯ ದಿನ ಸ್ಪೇಸರ್ ಬಂತು. ಅವರೇ ಕೂಡಿಸಿದರು. ಪಟ್ಟಿ ತೀರ ಬಿಗಿಯೂ ಇರಬಾರದು, ಜೋಲೂ ಬೀಳಬಾರದು ಎಂದು ನನಗೆ ವಿಡಿಯೋದಲ್ಲಿ ತೋರಿಸುತ್ತಾ ಬಿಗಿದರು. ಮರುದಿನ ಆ ಇಳಿಜಾರಿನಿಂದ, ಗುಂಡಿ ತೋಡುವವರಲ್ಲೊಬ್ಬ ತೆಗೆದ ಇನ್ನೊಂದು ವಿಡಿಯೋ ಬಂತು. ಗಾಡಿ ಬಕೆಟ್ಟಿನ ತುಂಬ ಮಣ್ಣು ಹೊತ್ತು ಏರಿ, ಒಮ್ಮೆಲೇ ಹೊರಳದೆ ಒಂದಿಷ್ಟು ಹಿಂದೆ ಒಂದಿಷ್ಟು ಮುಂದೆ ಸರಿಯುತ್ತಾ, ಎರಡು ಗೋರಿಗಳ ನಡುವೆ ತಿರುಗಿತು. ಚಾಚಾ ಇಳಿದು ಬಂದು ಫೋನು ಇಸಿದುಕೊಂಡರು, ಕ್ಯಾಮೆರಾ ನೆಲಕ್ಕೆ ಇಳಿಯಿತು. ‘ನೋಡವ್ವಾ, ಹುಲ್ಲು ಸೈತ ಎದ್ದಿಲ್ಲ.’

ಅದಾಗಿ ಎರಡನೆಯ ದಿನಕ್ಕೆ ಅವರಿಗೆ ಕೆಮ್ಮು ಶುರುವಾಯಿತು.

ಯಾರ್ಡಿನ ಕೋಣೆಯಲ್ಲೇ ಒಬ್ಬರೇ ಉಳಿದರು. ಸೇತುವೆ ದಾಟಿ ನಾನು ಹೋಗುವಂತಿರಲಿಲ್ಲ. ಡೆಲಿವರಿಯವನ ಕೈಯಲ್ಲಿ ಸಾರು ಅನ್ನ ಕಳಿಸಿದರೆ, ‘ರುಚಿ ಹತ್ತವಲ್ದು, ಆದ್ರ ಬಿಸಿ ಐತಿ’ ಎಂದು ಹೇಳಿ ಕಳಿಸಿದರು. ಐದನೆಯ ದಿನ ಉಸಿರು ಸಾಲದೆ ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಒಮ್ಮೆ ಫೋನ್ ಮಾಡಿದರು. ಒಂದೊಂದು ಮಾತಿಗೂ ನಿಂತು, ‘ಹೊಸಾ ಪಟ್ಟಿ... ಮೊದಲ ವಾರದಾಗ ಹಿಗ್ಗತೈತಿ. ಬಿಗೀ ಮಾಡಾಕ ಹೇಳು’ ಅಂದರು.

‘ಚಾಚಾ, ತಪ್ಪು ನಂದು. ನಾನು ಬಾಸ್‌ಗೆ ಹೇಳಿಬಿಡ್ತೀನಿ.’

‘ಮೊದಲು ಪಟ್ಟೀ ಮಾತು ಹೇಳು’ ಅಂದರು.

ಆಸ್ಪತ್ರೆ ಸೇರಿ ಹನ್ನೊಂದು ದಿನ ಕಳೆದ ಮೇಲೆ ಅವರು ತೀರಿಕೊಂಡರು. ಊರಿಗೆ ಕಳಿಸುವ ಮಾತೇ ಇರಲಿಲ್ಲ. ಮಣ್ಣು ಮಾಡಿದ್ದು ಬೇರೊಂದು ಊರಿನ ಸಮತಟ್ಟಾದ ಖಬರಸ್ತಾನದಲ್ಲಿ. ಆಸ್ಪತ್ರೆಗೆ ಅದು ಹತ್ತಿರವಿತ್ತು. ತೌಕೆ ಗೇಟಿನ ಹೊರಗೆ ನಿಂತುಕೊಂಡು ನನಗೆ ಫೋನ್ ಮಾಡಿ ಅತ್ತರು. ಆಗಲೇ ಅವರಿಗೆ ನಿಜ ಹೇಳಿದೆ. ‘ಐ ನೋ ಲಾ’ ಅಂದರು. ‘ಆ ಮನುಷ್ಯ ಯಾವತ್ತಾದರೂ ಅಳತೆ ತಪ್ಪಿದ್ದುಂಟಾ?’

ವಿಮಾನಗಳು ಶುರುವಾದ ಮೇಲೆ ಅವರ ಬಟ್ಟೆ, ಕೈಗಡಿಯಾರ, ಖುರಾನು ತೆಗೆದುಕೊಂಡು ಗದಗಿಗೆ ಹೋದೆ. ಅವರ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದರು. ಗಂಟು ಬಿಚ್ಚದೆ ಮಡಿಲಲ್ಲಿ ಇಟ್ಟುಕೊಂಡು ಕೂತರು. ಮಗಳು ಚಹಾ ಮಾಡಲು ಒಳಗೆ ಹೋದಳು. ಅಷ್ಟರಲ್ಲಿ ನಾನು ಎಲ್ಲ ಹೇಳಿದೆ: ನಲವತ್ತು ಸೆಕೆಂಡಿನ ಮಾತು, ಎಂಟು ದಿನ, ಸಲಿಕೆ, ಮುಚ್ಚಿದ ಮೈಕು. ಕಾಯಿಲೆ ಎಲ್ಲಿ ತಗುಲಿತೆಂದು ಯಾರಿಗೂ ಗೊತ್ತಿಲ್ಲ. ಆದರೆ ಅವರು ಅಲ್ಲಿಗೆ ಹಾಗೆ ಹೋದದ್ದು ನನ್ನಿಂದ ಎಂದೆ.

ಆಕೆ ಸಮಾಧಾನವನ್ನೂ ಹೇಳಲಿಲ್ಲ, ಶಾಪವನ್ನೂ ಹಾಕಲಿಲ್ಲ. ಒಳಗಿನ ಸದ್ದಿಗೆ ಕಿವಿ ಕೊಟ್ಟು, ‘ನೀವು ಹೇಳಿದ್ದು ಛಲೋ ಆತು. ಆದ್ರ ಆಕೀ ಮುಂದ ಹೇಳಬ್ಯಾಡ್ರಿ’ ಅಂದರು. ‘ಅಬ್ಬಾ ನಾಕು ಮಂದೀಗೆ ಮಣ್ಣು ಕೊಡಾಕ ಹೋಗಿ ಹ್ವಾದ್ರು ಅಂತ ತಿಳದಾಳ. ಅಷ್ಟ ಇರಲಿ ಆಕೀಗೆ.’

ಮಗಳು ಚಹಾ ತಂದಳು. ತಂದೆಯದೇ ಹಣೆ, ತಂದೆಯದೇ ನಗು. ನನ್ನೆದುರು ಕೂತು, ‘ಅಬ್ಬಾ ಅಲ್ಲಿ ಗಾಡಿ ಹೆಂಗ ಹೊಡೀತಿದ್ರು ಮೇಡಮ್? ನಾ ಒಮ್ಮೆನೂ ನೋಡಿಲ್ಲ’ ಎಂದಳು.

ಫೋನಿನಲ್ಲಿದ್ದ ಆ ಇಳಿಜಾರಿನ ವಿಡಿಯೋ ತೋರಿಸಿದೆ. ಆ ಗಾಡಿ ಹೇಗೆ ತಿರುಗುತ್ತದೆ, ಅದಕ್ಕೆ ಉಕ್ಕು ಬೇಡವೆಂದು ಅವಳ ಅಬ್ಬಾ ಯಾಕೆ ಹಟ ಹಿಡಿದರು, ಮಾಲೀಕರು ಹೇಗೆ ಒಪ್ಪಿದರು, ಎಲ್ಲವನ್ನೂ ವಿವರಿಸಿದೆ. ಅವಳು ಮತ್ತೆ ಮತ್ತೆ ನೋಡಿದಳು. ‘ಪಟ್ಟಿ ಹಾಕಿದ ಕೂಡಲೇನಽ ಹಿಂಗ ಏರಿತೇನ್ರಿ?’ ಎಂದು ಕೇಳಿದಳು.

ಆಕೆಯ ತಾಯಿ ಗಂಟಿನ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

‘ಹೌದಮ್ಮ,’ ಅಂದೆ. ‘ಹಾಕಿದ ಕೂಡಲೇ.’